ಬೆಳಕಿಗೆಂದೇ ಬಳಿದ ಬಣ್ಣ

ಹೈದರಾಬಾದಿನ ಶಿಲ್ಪಾರಾಮದಲ್ಲೋ, ದಿಲ್ಲಿ ಹಾಟ್‌ನಲ್ಲೋ, ಮುಂಬೈ ಪುಣೆಗಳ ಕರಕುಶಲ ಮೇಳಗಳಲ್ಲೋ ನೀವು ಇವನ್ನು ನೋಡಿಯೇ ಇರುತ್ತೀರಿ. ತೊಗಲಿನಿಂದ ಮಾಡಿದ ಲ್ಯಾಂಪ್‌ಶೇಡ್‌ಗಳು. ಮೈತುಂಬ ನವಿಲು, ಬಳ್ಳಿ, ಕಮಲ, ಕೆಲವದರ ಮೇಲೆ ಗಣಪ ಇಲ್ಲವೇ ಕೃಷ್ಣ. ಹಗಲು ಹೊತ್ತಿನಲ್ಲಿ ಅವುಗಳ ಬಣ್ಣ ಮಂಕಾಗಿ ಕಾಣುತ್ತದೆ. ಕೆಂಪು ಕಂದಿನ ಹತ್ತಿರ, ಹಸಿರು ಕಪ್ಪಿನ ಹತ್ತಿರ. ಅಂಗಡಿಯವರು ಒಳಗಿನ ಬಲ್ಬು ಹಾಕಿದ ಕೂಡಲೇ ಅದೇ ತೊಗಲು ಬೇರೆಯದೇ ವಸ್ತುವಾಗುತ್ತದೆ. ಕೆಂಪು ಕೆಂಪಾಗುತ್ತದೆ, ಹಸಿರು ಎಲೆಯಾಗುತ್ತದೆ, ನಡುವಿನ ಸಣ್ಣ ಸಣ್ಣ ತೂತುಗಳು ಮಣಿಗಳಂತೆ ಹೊಳೆಯುತ್ತವೆ.

ಈ ಬದಲಾವಣೆಯಲ್ಲಿ ಒಂದು ಕಲೆಯ ಇಡೀ ಚರಿತ್ರೆ ಅಡಗಿದೆ. ಆಂಧ್ರದ ಧರ್ಮಾವರಂ ಬಳಿಯ ನಿಮ್ಮಲಕುಂಟದಲ್ಲಿ ಇಂಥ ದೀಪಗಳನ್ನು ಮಾಡುವವರು ತೊಗಲು ಗೊಂಬೆಯಾಟದ ಮನೆತನದವರು. ಗೊಂಬೆಗೆ ಬಣ್ಣ ಬಳಿಯುತ್ತಿದ್ದ ಕೈಗಳೇ ಈಗ ದೀಪಕ್ಕೆ ಬಣ್ಣ ಬಳಿಯುತ್ತಿವೆ. ತೊಗಲಿನ ಮೇಲೆ ಬಣ್ಣ ಹಾಕುವುದೆಂದರೆ ನಾವು ಸಾಮಾನ್ಯವಾಗಿ ಅಲಂಕಾರ ಎಂದುಕೊಳ್ಳುತ್ತೇವೆ. ಈ ಪರಂಪರೆಯಲ್ಲಿ ಅದು ಮೇಲುಹೊದಿಕೆಯ ಅಲಂಕಾರವಲ್ಲ. ಮುಂದಿನಿಂದ ನೋಡುವವರಿಗಾಗಿ, ಹಿಂದಿನಿಂದ ಬರುವ ಬೆಳಕನ್ನು ಸೋಸುವ ಕೆಲಸ ಅದು. ಹಾಗಾಗಿ ಈ ಬಣ್ಣಗಳ ಚರಿತ್ರೆ ಬರೆಯಹೊರಟರೆ ಅದು ದೀಪಗಳ ಚರಿತ್ರೆಯೂ ಆಗಿಬಿಡುತ್ತದೆ.

ಮೊದಲು ತೊಗಲಿನ ಮಾತು. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯ ಚರ್ಮ ಹದ ಮಾಡಿದ್ದು. ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರು ಚರ್ಮದ ನಾರುಗಳ ನಡುವೆ ಸೇರಿ ಅವುಗಳನ್ನು ಒಂದಕ್ಕೊಂದು ಅಂಟಿಕೊಳ್ಳದಂತೆ ಹಿಡಿದಿಡುತ್ತದೆ. ಅದಕ್ಕೇ ಅದು ಕೊಳೆಯುವುದಿಲ್ಲ, ಒಣಗಿದರೂ ಮಣಿಯುತ್ತದೆ. ಆದರೆ ನಾರುಗಳ ನಡುವೆ ಉಳಿದ ಗಾಳಿ ಬೆಳಕನ್ನು ಅತ್ತಿತ್ತ ಚದುರಿಸುವುದರಿಂದ ಚಪ್ಪಲಿಯ ಚರ್ಮದ ಮೂಲಕ ಏನೂ ಕಾಣುವುದಿಲ್ಲ. ಅದರ ಮೇಲೆ ಬಳಿದ ಬಣ್ಣ ಮೇಲೆಯೇ ಇರುತ್ತದೆ, ಮೇಲಿನಿಂದಲೇ ಕಾಣುತ್ತದೆ.

ಗೊಂಬೆಯ ತೊಗಲಿಗೆ ಈ ಹದವಿಲ್ಲ. ಮೇಕೆಯ ಚರ್ಮವನ್ನು ನೆನೆಹಾಕಿ, ಕೂದಲನ್ನೂ ಒಳಮೈಯ ಕೊಬ್ಬನ್ನೂ ಹೆರೆದು, ಬಿಗಿಯಾಗಿ ಎಳೆದು ಕಟ್ಟಿ ಒಣಗಿಸುತ್ತಾರೆ. ಒಣಗುತ್ತಾ ನಾರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವಿನ ಗಾಳಿ ಹೋಗುತ್ತದೆ, ಬೆಳಕು ದಾಟತೊಡಗುತ್ತದೆ. ಬೋಂಡಾ ಕಟ್ಟಿಕೊಟ್ಟ ಕಾಗದ ಎಣ್ಣೆ ಹೀರಿದ ಜಾಗದಲ್ಲಿ ಮಾತ್ರ ಆಚೆ ಬದಿ ಕಾಣುವ ಹಾಗಾಗುತ್ತದಲ್ಲ, ಅಲ್ಲಿಯೂ ಕಾರಣ ಇದೇ: ಗಾಳಿಯಿದ್ದ ಜಾಗ ತುಂಬಿಹೋಗಿದೆ. ಹದ ಮಾಡದ ಈ ತೊಗಲು ಜೇನಿನ ಬಣ್ಣದ ಗಾಜಿನ ಹಾಗೆ ವರ್ತಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನೀರು ಬಿದ್ದರೆ ಉಬ್ಬುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಹುಳಕ್ಕೂ ಅದು ಊಟವೇ. ಗೊಂಬೆಯಾಡಿಸುವವರು ಇದೆಲ್ಲವನ್ನೂ ಒಪ್ಪಿಕೊಂಡರು. ಬೆಳಕು ದಾಟಲೇಬೇಕಿತ್ತು.

ಅದು ಎಲ್ಲ ಕಡೆಯೂ ಹಾಗೆ ಆಗಲೇಬೇಕಿರಲಿಲ್ಲ ಎಂಬುದು ಈ ಕಥೆಯ ಮುಖ್ಯ ಸಂಗತಿ. ಕೇರಳದ ತೋಲ್ಪಾವಕೂತ್ತಿನಲ್ಲಿ ಭಗವತಿಯ ಗುಡಿಯ ಬಳಿಯ ಕೂತ್ತುಮಾಡದಲ್ಲಿ ಸಾಲು ದೀಪಗಳ ಮುಂದೆ ಕಂಬ ರಾಮಾಯಣ ನಡೆಯುತ್ತದೆ. ತೆರೆಯ ಮೇಲೆ ಬೀಳುವುದು ಕಪ್ಪು ನೆರಳು, ನಡುವೆ ತೂತುಗಳ ಚಿತ್ತಾರ. ಒಡಿಶಾದ ರಾವಣಛಾಯಾದಲ್ಲಿ ಗೊಂಬೆ ಇನ್ನೂ ಸರಳ, ಅಲ್ಲಿಯೂ ನೆರಳು ಕಪ್ಪೇ. ಎರಡೂ ಶ್ರೀಮಂತ ಪರಂಪರೆಗಳು, ಬಣ್ಣದ ನೆರಳಿಲ್ಲದೆಯೂ ಕಥೆ ಹೇಳಬಲ್ಲವು. ಬಣ್ಣದ ನೆರಳು ಕಾಣುವುದು ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡು ಮತ್ತು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ. ಈ ನಕ್ಷೆಗೆ ಒಂದು ಸೂತ್ರವೂ ಇದೆ. ಕರ್ನಾಟಕದ ಕಿಳ್ಳೇಕ್ಯಾತರು, ಆಂಧ್ರದ ಗೊಂಬೆಯಾಟದ ಮನೆತನಗಳು, ತಮಿಳುನಾಡಿನ ಹಲವು ಮೇಳದವರು ಮನೆಯೊಳಗೆ ಮಾತಾಡುವುದು ಮರಾಠಿಯ ಒಂದು ಒಳನುಡಿ. ತೆರೆಯ ಮುಂದೆ ಮಾತ್ರ ಅವರು ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಹಾಡುತ್ತಾರೆ. ಮನೆಯ ಭಾಷೆ ಒಂದು, ದುಡಿಮೆಯ ಭಾಷೆ ಇನ್ನೊಂದು ಆಗಿರುವ ನಮ್ಮಂಥವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಿಲ್ಲ.

ಕಲೆ ಎಷ್ಟು ಹಳೆಯದು? ತೆಲುಗಿನ ಪಾಲ್ಕುರಿಕಿ ಸೋಮನಾಥನ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಗೊಂಬೆಯಾಟದ ಉಲ್ಲೇಖವನ್ನು ವಿದ್ವಾಂಸರು ಗುರುತಿಸಿದ್ದಾರೆ. ಈ ಸೋಮನಾಥ ನಮಗೆ ಹೊರಗಿನವನಲ್ಲ. ಅವನ ‘ಬಸವಪುರಾಣ’ವನ್ನೇ ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದದ್ದು. ಅಂದರೆ ಏಳು ನೂರು ವರ್ಷಗಳ ಹಿಂದೆಯೇ ಈ ಆಟ ಕವಿಯ ಕಣ್ಣಿಗೆ ಬೀಳುವಷ್ಟು ಜನರ ನಡುವೆ ಇತ್ತು. ಆದರೆ ಅಷ್ಟು ಹಳೆಯ ಗೊಂಬೆಗಳು ಸಿಗುವುದಿಲ್ಲ. ಹದ ಮಾಡದ ತೊಗಲಿನ ಆಯಸ್ಸು ಚಿಕ್ಕದು ಎಂಬುದು ಒಂದು ಕಾರಣ. ಸವೆದ ಗೊಂಬೆಯನ್ನು ಮನುಷ್ಯರನ್ನು ಕಳಿಸಿಕೊಡುವ ಹಾಗೆ ಪೂಜೆ ಮಾಡಿ ನೀರಿಗೆ ಬಿಡುವ ಪದ್ಧತಿ ಇನ್ನೊಂದು. ಇಷ್ಟಾದರೂ ನಮಗೆ ಹಳೆಯ ಬಣ್ಣಗಳನ್ನು ನೋಡಲು ಸಿಗುತ್ತಿದ್ದರೆ ಅದಕ್ಕೆ ಎಂ.ಎಸ್. ನಂಜುಂಡರಾವ್ ಅವರಂಥವರು ಕಾರಣ. ಅವರು ಊರೂರಿನಿಂದ ಸಂಗ್ರಹಿಸಿದ ತೊಗಲು ಗೊಂಬೆಗಳು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ. ರಜೆಗೆ ಹೋದಾಗ ಒಂದು ಮಧ್ಯಾಹ್ನ ಅದಕ್ಕೆಂದೇ ಇಡಬಹುದು.

ಈ ಗೊಂಬೆಗಳನ್ನು ನೋಡಿದವರಿಗೆ ಲೇಪಾಕ್ಷಿಯ ನೆನಪಾಗುತ್ತದೆ. 16ನೇ ಶತಮಾನದಲ್ಲಿ ವಿಜಯನಗರದ ಕಾಲದಲ್ಲಿ ಕಟ್ಟಿದ ವೀರಭದ್ರ ಗುಡಿಯ ಛಾವಣಿಯಲ್ಲಿ ಅದೇ ಪಕ್ಕಮುಖ, ಅದೇ ಚೂಪು ಮೂಗು, ಅದೇ ಅಗಲ ಕಣ್ಣು, ಸೀರೆಯ ಮೇಲೆ ಅದೇ ಹೂವು ಚೌಕಳಿಗಳ ಸಡಗರ. ನಿಮ್ಮಲಕುಂಟವೂ ಲೇಪಾಕ್ಷಿಯೂ ಇಂದು ಒಂದೇ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿವೆ. ಆದರೆ ಗೆರೆಗಳು ಎಷ್ಟು ಹತ್ತಿರವೋ ಬಣ್ಣಗಳು ಅಷ್ಟೇ ದೂರ. ಛಾವಣಿಯ ಚಿತ್ರಕ್ಕೆ ಬೆಳಕು ಮುಂದಿನಿಂದ ಬೀಳುತ್ತದೆ. ಅಲ್ಲಿ ಮಣ್ಣಿನ ಬಣ್ಣಗಳು ಸಾಕು, ಸುಣ್ಣದ ಬಿಳಿಯೂ ಒಂದು ಬಣ್ಣ. ತೊಗಲಿನ ಮೇಲೆ ಅದೇ ಸುಣ್ಣದ ಬಿಳಿ ಬಳಿದು ಹಿಂದೆ ದೀಪ ಹಿಡಿದರೆ ಏನಾಗುತ್ತದೆ? ಬಿಳಿಯ ಕಣಗಳು ಬೆಳಕನ್ನು ತಡೆದು, ಆ ಭಾಗ ತೆರೆಯ ಮೇಲೆ ಕಪ್ಪಾಗಿ ಕಾಣುತ್ತದೆ. ತೊಗಲಿನ ಕಲಾವಿದರಿಗೆ ಬಿಳಿ ಬೇಕಾದರೆ ಇರುವುದು ಒಂದೇ ದಾರಿ, ತೂತು ಕೊರೆಯುವುದು.

ಹೀಗೆ ನೋಡಿದರೆ ತೂತು ಕೂಡ ಒಂದು ಬಣ್ಣ. ಸೀತೆಯ ಸರ, ರಾವಣನ ಕಿರೀಟದ ಕಲ್ಲು, ದ್ರೌಪದಿಯ ಡಾಬು ಎಲ್ಲವೂ ಉಳಿಯಿಂದ ಕೊರೆದ ಸಾಲುತೂತುಗಳು. ದುಂಡಗಿನದು, ಚೌಕದ್ದು, ಎಸಳಿನ ಆಕಾರದ್ದು, ಹೀಗೆ ಒಂದೊಂದಕ್ಕೂ ಒಂದೊಂದು ಉಳಿ. ಒಡವೆಗೆ ಹಳದಿ ಬಳಿದು ಚಿನ್ನ ಎನ್ನುವುದಕ್ಕಿಂತ ಅಲ್ಲಿ ತೊಗಲನ್ನೇ ತೆಗೆದು ಜ್ವಾಲೆಯನ್ನು ನೇರ ಬಿಡುವುದು ಎಷ್ಟು ಬುದ್ಧಿವಂತಿಕೆ!

ಇನ್ನು ಬಳಿಯುವ ಬಣ್ಣಗಳು. ಸಾಂಪ್ರದಾಯಿಕವಾಗಿ ಇವು ಗಿಡಮೂಲಿಕೆ, ಅರಗು, ಮಸಿಗಳಿಂದ ಬಂದವು. ಇಲ್ಲಿ ಎರಡು ಜಾತಿಯ ಬಣ್ಣಗಳನ್ನು ಬೇರೆ ಮಾಡಿ ನೋಡಬೇಕು. ಒಂದು ನೀರಿನಲ್ಲಿ ಕರಗಿ ತೊಗಲಿನ ನಾರಿನೊಳಕ್ಕೆ ಇಳಿಯುವಂಥದು. ಅರಗಿನ ಕೆಂಪು ಈ ಜಾತಿಯದು. ಇನ್ನೊಂದು ಕರಗದೆ ಕಣಗಳಾಗಿ ಮೇಲೆ ಕೂರುವಂಥದು. ದೀಪದ ಮಸಿಯಿಂದ ಮಾಡುವ ಕಪ್ಪು ಈ ಜಾತಿಯದು. ಮೊದಲನೆಯದು ಬೆಳಕನ್ನು ಬಣ್ಣ ಮಾಡಿ ಕಳಿಸುತ್ತದೆ, ಎರಡನೆಯದು ತಡೆದು ನಿಲ್ಲಿಸುತ್ತದೆ. ಗೊಂಬೆಯ ಹೊರಗೆರೆ, ಹುಬ್ಬು, ಮೀಸೆ, ಸೀರೆಯ ಅಂಚು ಇವೆಲ್ಲ ಮಸಿಯ ಕಪ್ಪಿನಲ್ಲಿರುವುದು ಇದಕ್ಕಾಗಿಯೇ. ಬೆಳಕು ನಿಲ್ಲಬೇಕಾದಲ್ಲಿ ಕಣ, ಸಾಗಬೇಕಾದಲ್ಲಿ ದ್ರಾವಣ, ಧಾವಿಸಬೇಕಾದಲ್ಲಿ ತೂತು. ಶಾಲೆಯ ಮುಖ ನೋಡದ ಕುಟುಂಬಗಳು ಶತಮಾನಗಳ ಕಾಲ ಕೈಯಿಂದ ಕೈಗೆ ದಾಟಿಸಿದ ತಿಳಿವಳಿಕೆ ಇದು.

ಕೈಕೆಲಸದ ಶಿಸ್ತು ಎಷ್ಟಿತ್ತು ಎಂಬುದಕ್ಕೆ ಅರಿಸಿನವೊಂದೇ ಸಾಕು. ನಮ್ಮ ಮನೆಗಳಲ್ಲಿ ಆರತಿಗೆ ಓಕುಳಿ ಮಾಡುವಾಗ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕುತ್ತಾರೆ, ಹಳದಿ ಕೆಂಪಾಗುತ್ತದೆ. ತೊಗಲಿನ ಕೂದಲು ತೆಗೆಯಲು ಸುಣ್ಣ ಬಳಸಿ, ಅದನ್ನು ಪೂರ್ತಿ ತೊಳೆಯದೆ ಅರಿಸಿನ ಬಳಿದರೆ ಸೀರೆಯ ಹಳದಿ ಅಂಚು ಕೆಂಪಾಗಿಬಿಡುತ್ತದೆ. ತೊಳೆಯುವವರ ಕೈಯಲ್ಲಿ ಆದ ಅಸಡ್ಡೆ ಬಣ್ಣ ಹಾಕುವವರ ಕೈಯಲ್ಲಿ ಬಯಲಾಗುತ್ತದೆ. ಇಷ್ಟು ಮಾಡಿಯೂ ಅರಿಸಿನದ ಹಳದಿ ಬಿಸಿಲಿಗೆ ಬೇಗ ಮಾಸುತ್ತದೆ. ಗೊಂಬೆಗಳು ಹಗಲೆಲ್ಲ ಪೆಟ್ಟಿಗೆಯ ಕತ್ತಲಲ್ಲಿದ್ದು ರಾತ್ರಿ ಮಾತ್ರ ಹೊರಬರುತ್ತಿದ್ದುದರಿಂದ ಈ ದೌರ್ಬಲ್ಯ ನಡೆದುಹೋಯಿತು.

ಇನ್ನೊಂದು ವಿವರ. ಗೊಂಬೆಗೆ ಎರಡೂ ಬದಿ ಬಣ್ಣ ಹಾಕುತ್ತಾರೆ. ಗೊಂಬೆ ಪಕ್ಕಮುಖದ್ದಾದ್ದರಿಂದ ಪಾತ್ರ ಎಡಕ್ಕೆ ತಿರುಗಬೇಕಾದರೆ ಗೊಂಬೆಯನ್ನೇ ಮಗುಚಬೇಕು, ಆಗ ಹಿಂದಿನ ಮೈ ತೆರೆಗೆ ತಾಗುತ್ತದೆ. ಎರಡೂ ಬದಿಯ ಬಣ್ಣ ಸೇರಿಯೇ ತೆರೆಯ ಮೇಲಿನ ಗಾಢತೆ ಹುಟ್ಟುತ್ತದೆ. ಆಂಧ್ರದಲ್ಲಿ ಆಳೆತ್ತರದ, ಕೈಕಾಲು ಕೀಲಿನ ಗೊಂಬೆಗಳು ಹೆಚ್ಚು. ನಮ್ಮಲ್ಲಿ ಗೊಂಬೆಗಳು ಸಾಮಾನ್ಯವಾಗಿ ಚಿಕ್ಕವು. ಆದರೆ ಒಂದೇ ತೊಗಲಿನಲ್ಲಿ ಇಡೀ ದೃಶ್ಯವನ್ನು, ರಥ, ಕುದುರೆ, ಸಾರಥಿ, ವೀರ ಎಲ್ಲವನ್ನೂ ಕೂಡಿಸಿ ಬಿಡಿಸುವ ಜಾಣ್ಮೆ ಕರ್ನಾಟಕದ ವೈಶಿಷ್ಟ್ಯ.

ಈಗ ದೀಪದ ಕಡೆಗೆ ತಿರುಗೋಣ. ಹಳೆಯ ಆಟಕ್ಕೆ ಬೆಳಕು ಕೊಡುತ್ತಿದ್ದುದು ಹರಳೆಣ್ಣೆಯಂಥ ಎಣ್ಣೆಯ ದೀಪ, ಪಂಜು. ಇಂದು ಬಲ್ಬಿನ ಡಬ್ಬಿಯ ಮೇಲೆ ಬರೆದಿರುವ ಕೆಲ್ವಿನ್ ಲೆಕ್ಕದಲ್ಲಿ ಹೇಳುವುದಾದರೆ ಎಣ್ಣೆಯ ಜ್ವಾಲೆ ಸುಮಾರು 1900, ಹಳೆಯ ತಂತಿ ಬಲ್ಬು ಸುಮಾರು 2700, ಕಚೇರಿಗಳ ಬಿಳಿ ಎಲ್ಇಡಿ ಸುಮಾರು 6500. ಸಂಖ್ಯೆ ಕಡಿಮೆಯಾದಷ್ಟೂ ಬೆಳಕಿನಲ್ಲಿ ಕೆಂಪು ಹಳದಿ ಹೆಚ್ಚು, ನೀಲಿ ಕಡಿಮೆ. ಎಣ್ಣೆದೀಪದ ಮುಂದೆ ಕೆಂಪು ಉರಿಯುತ್ತದೆ, ಬರಿಯ ತೊಗಲಿನ ಮೈಬಣ್ಣ ಹೊನ್ನಾಗುತ್ತದೆ, ನೀಲಿ ಮಾತ್ರ ಆಳಕ್ಕೆ ಇಳಿದು ಕಪ್ಪಿಗೆ ಹತ್ತಿರವಾಗುತ್ತದೆ. ರಾಮ, ಕೃಷ್ಣರಿಗೆ ನೀಲಿ ಇಲ್ಲವೇ ಹಸಿರು ಮೈ ಬಳಿದವರು ತೆರೆಯ ಮೇಲೆ ಕಂಡದ್ದು ಕ್ಯಾಲೆಂಡರಿನ ತೆಳುನೀಲಿಯನ್ನಲ್ಲ, ಮೋಡದ ಬಣ್ಣದ ಶ್ಯಾಮನನ್ನು ಎಂದು ನನಗೆ ಅನ್ನಿಸುತ್ತದೆ. ಜೊತೆಗೆ ಜ್ವಾಲೆ ಗಾಳಿಗೆ ಅಲುಗುತ್ತದೆ. ಕೋಲು ಹಿಡಿದವರು ಸುಮ್ಮನಿದ್ದರೂ ಬಣ್ಣ ಉಸಿರಾಡುತ್ತದೆ.

20ನೇ ಶತಮಾನದಲ್ಲಿ ಪೆಟ್ರೋಮ್ಯಾಕ್ಸ್ ಬಂತು, ಅದರ ಹಿಂದೆ ವಿದ್ಯುತ್ ಬಲ್ಬು ಬಂತು. ಬೆಳಕು ಹೆಚ್ಚಿತು, ಬಿಳುಪಾಯಿತು, ಸ್ಥಿರವಾಯಿತು. ಅಷ್ಟರಲ್ಲಿ ಬಣ್ಣವೂ ಬದಲಾಗಿತ್ತು. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನ ಮೂಲದಿಂದ ಮೊದಲ ಕೃತಕ ಬಣ್ಣ ತೆಗೆದ. 1897ರಲ್ಲಿ ಜರ್ಮನಿಯಿಂದ ಕೃತಕ ನೀಲಿ ಮಾರುಕಟ್ಟೆಗೆ ಬಂದು ನಮ್ಮ ನೀಲಿ ಬೆಳೆಯನ್ನೇ ಮುಳುಗಿಸಿತು. ಪುಡಿಬಣ್ಣದ ಪೊಟ್ಟಣಗಳು ಸಂತೆಗೆ ಬಂದಮೇಲೆ ಅರಗು ಅರೆದು, ಕುದಿಸಿ, ಸೋಸುವ ವಾರದ ಕೆಲಸ ಗಂಟೆಯ ಕೆಲಸವಾಯಿತು. ಇದನ್ನು ಬರೀ ಪತನ ಎನ್ನುವುದು ಸುಲಭ. ಆದರೆ ಕೃತಕ ಬಣ್ಣಗಳೂ ನೀರಿನಲ್ಲಿ ಕರಗಿ ತೊಗಲಿನೊಳಕ್ಕೆ ಇಳಿಯುವ ಜಾತಿಯವೇ. ಕಲಾವಿದರು ಡಬ್ಬದ ಎಣ್ಣೆಬಣ್ಣಕ್ಕೆ ಹೋಗಲಿಲ್ಲ, ಬಣ್ಣದ ಶಾಯಿಗೆ ಹೋದರು. ವಸ್ತು ಬದಲಾಯಿತು, ತತ್ವ ಉಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ದೇವರ ಗೊಂಬೆಗೆ ಬಳಸುತ್ತಿದ್ದ ಜಿಂಕೆಯ ಚರ್ಮ ಹೋಗಿ ಅಲ್ಲಿಯೂ ಮೇಕೆ ಬಂದಾಗಲೂ ಆದದ್ದು ಇಷ್ಟೇ.

ನಿಜವಾದ ಪೆಟ್ಟು ಬಿದ್ದದ್ದು ಪ್ರೇಕ್ಷಕರ ಕಡೆಯಿಂದ. ಟೂರಿಂಗ್ ಟಾಕೀಸು, ಆಮೇಲೆ ಟಿವಿ. ಅವೂ ಬೆಳಕಿನಲ್ಲಿ ಬಣ್ಣ ತೋರಿಸುವ ತೆರೆಗಳೇ, ಇವರಿಗಿಂತ ದೊಡ್ಡವು, ವೇಗದವು. ಮಳೆ ಬರಲೆಂದು ರಾತ್ರಿಯಿಡೀ ವಿರಾಟಪರ್ವ ಆಡಿಸುತ್ತಿದ್ದ ಊರುಗಳು ಕರೆಯುವುದನ್ನು ಬಿಟ್ಟವು. ಭೂಮಿಯಿಲ್ಲದ, ಊರಿಂದೂರಿಗೆ ಗೊಂಬೆಪೆಟ್ಟಿಗೆ ಹೊತ್ತು ತಿರುಗುತ್ತಿದ್ದ ಕುಟುಂಬಗಳಿಗೆ ಕರೆ ನಿಂತರೆ ಊಟ ನಿಂತ ಹಾಗೆ.

ಇಲ್ಲಿ ಇನ್ನೊಂದು ಧಾರೆ ಬಂದು ಸೇರುತ್ತದೆ. 1952ರಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಸ್ಥಾಪಿಸಿತು. ಹಲವು ವರ್ಷ ಅದನ್ನು ಮುನ್ನಡೆಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಹಳ್ಳಿಯ ಕೈಕೆಲಸವನ್ನು ನಗರದ ಮನೆಗೆ ಮುಟ್ಟಿಸುವ ಎಂಪೋರಿಯಂ, ಮೇಳ, ಪ್ರಶಸ್ತಿಗಳ ಜಾಲ ಬೆಳೆದದ್ದು ಆ ಕಾಲದಿಂದ. ಆ ಜಾಲದಲ್ಲಿ ರಾವಣನನ್ನು ಕೊಳ್ಳುವವರು ಕಡಿಮೆ, ದೀಪ ಕೊಳ್ಳುವವರು ಹೆಚ್ಚು. ನಿಮ್ಮಲಕುಂಟದವರು ದೀಪ ಮಾಡತೊಡಗಿದರು. ಆಂಧ್ರ ಸರ್ಕಾರದ ಕರಕುಶಲ ಮಳಿಗೆಗಳ ಹೆಸರೇ ‘ಲೇಪಾಕ್ಷಿ’. ಚಾವಣಿಯ ಚಿತ್ರಗಳ ಊರು ತೊಗಲಿನ ಬಣ್ಣಕ್ಕೆ ಅಂಗಡಿಯಾಗಿ ಸಿಕ್ಕಿತು. ಆಂಧ್ರದ ತೊಗಲು ಗೊಂಬೆಗಾರಿಕೆಗೆ ಭೌಗೋಳಿಕ ಸೂಚಕವೂ ದೊರೆಯಿತು. ನಿಮ್ಮಲಕುಂಟದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಗಡಿಯ ಈಚೆ, ಕೊಪ್ಪಳದ ಮೋರನಾಳದ ಹಿರಿಯಜ್ಜಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಅದೇ ಗೌರವ ಸಂದಿತು.

ಭೀಮವ್ವನ ಹೆಸರು ಇಲ್ಲಿ ಬರುವುದಕ್ಕೆ ಪ್ರಶಸ್ತಿಯೊಂದೇ ಕಾರಣವಲ್ಲ. ತೆರೆಯ ಹಿಂದೆ ಹೆಂಗಸರು ಯಾವಾಗಲೂ ಇದ್ದರು. ಸೀತೆಯ, ದ್ರೌಪದಿಯ ದನಿ ಅವರದೇ. ದೀಪದ ಕೆಲಸ ಶುರುವಾದ ಮೇಲೆ ಬಣ್ಣದ ದೊಡ್ಡ ಪಾಲು ಅವರ ಕೈಗೆ ಬಂತು. ಆಟಕ್ಕೆ ಊರು ಬಿಟ್ಟು ತಿರುಗಬೇಕಿತ್ತು, ಬಣ್ಣಕ್ಕೆ ಮನೆಯ ಜಗಲಿ ಸಾಕು. ಹತ್ತಿಪ್ಪತ್ತು ತೊಗಲಿನ ತುಂಡುಗಳನ್ನು ಹೊಲಿದು ಕೂಡಿಸಿದ ದೊಡ್ಡ ದೀಪವೊಂದು ನಮ್ಮ ಹಾಲಿಗೆ ಬರುವಾಗ ಅದರಲ್ಲಿ ಚರ್ಮ ಹೆರೆದವರು, ಗೆರೆ ಎಳೆದವರು, ತೂತು ಕೊರೆದವರು, ಬಣ್ಣ ತುಂಬಿದವರು, ಹೀಗೆ ಒಂದು ಮನೆಯ ನಾಲ್ಕಾರು ಕೈಗಳಿರುತ್ತವೆ. ಚೀಟಿಯ ಮೇಲೆ ಇರುವುದು ಬೆಲೆ ಮಾತ್ರ. ನಮ್ಮ ಪ್ರಾಜೆಕ್ಟುಗಳಲ್ಲಿ ಒಂದು ಸಣ್ಣ ಕಡತವನ್ನು ಬದಲಿಸಿದವರ ಹೆಸರು, ದಿನಾಂಕ, ಗಂಟೆ ಎಲ್ಲ ದಾಖಲಾಗುತ್ತದೆ. ಏಳು ನೂರು ವರ್ಷ ಸಾಗಿಬಂದ ಕೆಲಸಕ್ಕೆ ಆ ಮರ್ಯಾದೆ ಇಲ್ಲ.

ಆಟ ಹೋಗಿ ದೀಪ ಉಳಿದದ್ದು ನಷ್ಟವೋ ಲಾಭವೋ? ಕಥೆ ಹೋಯಿತು, ಅದು ನಷ್ಟವೇ. ತೆರೆಯ ಮೇಲೆ ಬಣ್ಣ ಪಾತ್ರದ ಗುರುತಾಗಿತ್ತು. ನೀಲಿ ಮೈ ಕಂಡರೆ ಮಗುವೂ ಕೃಷ್ಣ ಎನ್ನುತ್ತಿತ್ತು. ಲ್ಯಾಂಪ್‌ಶೇಡಿನ ನವಿಲು ಕೆಂಪಾದರೇನು, ಹಸಿರಾದರೇನು, ಸೋಫಾದ ಬಣ್ಣಕ್ಕೆ ಹೊಂದಿದರಾಯಿತು. ಕಿಳ್ಳೇಕ್ಯಾತನ ಪೋಲಿ ಮಾತು, ಬಂಗಾರಕ್ಕನ ಜಗಳ ಯಾವ ದೀಪದೊಳಗೂ ಇಲ್ಲ.

ಆದರೂ ದೀಪದ ಪರವಾಗಿ ನಾನು ಒಂದು ಮಾತು ಹೇಳಲೇಬೇಕು. ಇಂದು ಈ ಕುಟುಂಬಗಳು ತೊಗಲಿನಿಂದ ಓಲೆ, ಪುಸ್ತಕಗುರುತು, ಗೋಡೆಯ ಚಿತ್ರ, ಬಾಗಿಲ ತೆರೆ ಎಲ್ಲವನ್ನೂ ಮಾಡುತ್ತವೆ. ಎಲ್ಲದರಿಂದಲೂ ಅನ್ನ ಹುಟ್ಟುತ್ತದೆ, ಸಂತೋಷ. ಆದರೆ ಹಲಗೆಗೆ ಅಂಟಿಸಿ ಕಟ್ಟು ಹಾಕಿಸಿದ ತೊಗಲಿನ ಚಿತ್ರಕ್ಕೆ ಹಿಂದಿನ ಬೆಳಕಿಲ್ಲ, ಅದರ ತೂತುಗಳು ಬರೀ ತೂತುಗಳು. ದೀಪದಲ್ಲಿ ಮಾತ್ರ ಬೆಳಕು ಹಿಂದೆಯೇ ಇದೆ. ಕರಗುವ ಬಣ್ಣವೇ ಬೇಕು, ಮಸಿಯ ಗೆರೆಯೇ ಬೇಕು, ಒಡವೆಗೆ ತೂತೇ ಬೇಕು, ತೊಗಲಿಗೆ ಹದ ಕೂಡದು. ಆಟ ಕಲಿಸಿದ ಪ್ರತಿ ಪಾಠವೂ ದೀಪದಲ್ಲಿ ಇನ್ನೂ ನಡೆಯುತ್ತಿದೆ. ಮುಂದೊಂದು ದಿನ ಯಾರಾದರೂ ಹುಡುಗಿಯೋ ಹುಡುಗನೋ ಗೊಂಬೆಯಾಡಿಸುತ್ತೇನೆ ಎಂದರೆ, ಬಣ್ಣ ಹಾಕಿಕೊಡುವ ಕೈ ಆ ಜಗಲಿಯಲ್ಲಿ ಇರುತ್ತದೆ.

ಆದ್ದರಿಂದ ಮೇಳದಲ್ಲಿ ಕೊಳ್ಳುವಾಗ ದೀಪ ಹಾಕಿ ತೋರಿಸಲು ಹೇಳಿ. ಬೆಳಕು ದಾಟದಿದ್ದರೆ ಅದು ಈ ಪರಂಪರೆಯ ತೊಗಲಲ್ಲ. ಮನೆಗೆ ತಂದಮೇಲೆ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬಲ್ಬು ಎಲ್ಇಡಿಯೇ ಇರಲಿ, ಅದರ ಶಾಖ ಕಡಿಮೆಯಾದ್ದರಿಂದ ತೊಗಲಿಗೆ ಒಳ್ಳೆಯದು. ಆದರೆ ಡಬ್ಬಿಯ ಮೇಲೆ 2700 ಎಂದು ಇರುವುದನ್ನೇ ಹುಡುಕಿ ತನ್ನಿ. ಕಚೇರಿಯ ಬಿಳಿ ಬೆಳಕು ಈ ಕೆಂಪಿಗೆ ಒಗ್ಗುವುದಿಲ್ಲ. ಹಾಗೇ ಅಂಗಡಿಯಲ್ಲಿ ಕೂತವರನ್ನು, ಇದಕ್ಕೆ ಬಣ್ಣ ಹಾಕಿದವರು ಯಾರು ಎಂದು ಒಮ್ಮೆ ಕೇಳಿ, ಹೇಳಿದ ಹೆಸರನ್ನು ದೀಪದ ಬುಡದಲ್ಲಿ ಬರೆದಿಡಿ.